ಹೆಗಲಿನಿಂದ ಟೊಂಕಕ್ಕೆ

ಅದೇ ತೂಕ, ಬೇರೆ ಭಾರ

ತೊಗರಿ ಸುಗ್ಗಿಯ ದಿನಗಳಲ್ಲಿ ಯಾದಗಿರಿಯ ಎಪಿಎಂಸಿ ಅಂಗಳಕ್ಕೆ ಹೋದವರು ಹಮಾಲರ ನಡಿಗೆಯನ್ನು ಗಮನಿಸಿರುತ್ತಾರೆ. 50 ಕಿಲೋದ ಚೀಲವನ್ನು ಇಬ್ಬರು ಎತ್ತಿ ಮೂರನೆಯವನ ಬೆನ್ನಿನ ಮೇಲ್ಭಾಗಕ್ಕೆ, ಕತ್ತಿನ ಬುಡಕ್ಕೆ ತಾಗುವಂತೆ ಇಡುತ್ತಾರೆ. ಆತ ಸ್ವಲ್ಪ ಮುಂದಕ್ಕೆ ಬಾಗಿ, ಸಣ್ಣ ಸಣ್ಣ ಹೆಜ್ಜೆ ಹಾಕುತ್ತಾ ಲಾರಿಗೆ ಒರಗಿಸಿದ ಹಲಗೆ ಏರಿಬಿಡುತ್ತಾನೆ. ಅದೇ ಆಳಿಗೆ 15 ಲೀಟರ್ ನೀರು ತುಂಬಿದ ಬಕೆಟ್ ಕೊಟ್ಟು, ಒಂದೇ ಕೈಯಲ್ಲಿ ಹಿಡಿದು ಅಷ್ಟೇ ದೂರ ನಡೆಯಲು ಹೇಳಿ. ಭುಜ ಜಗ್ಗುತ್ತದೆ, ಮೈ ಒಂದು ಕಡೆ ವಾಲುತ್ತದೆ, ಬೆರಳ ಸಂದಿಗಳು ಉರಿಯುತ್ತವೆ. ನಡುದಾರಿಯಲ್ಲಿ ಬಕೆಟ್ ಕೆಳಗಿಟ್ಟು ಕೈ ಬದಲಿಸದೆ ಇರಲಾರ.

ತಕ್ಕಡಿಯ ಪ್ರಕಾರ ಬಕೆಟ್ಟಿನ ತೂಕ ಚೀಲದ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಆದರೂ ಮೈಗೆ ಅದೇ ಹೆಚ್ಚು ಕಿರಿಕಿರಿ. ಶಹಾಪುರದ ಹತ್ತಿ ಹೊಲಗಳಲ್ಲಿ ಹೆಂಗಸರು ಬಿಡಿಸಿದ ಹತ್ತಿಯನ್ನು ಕೈಯಲ್ಲಿ ಹಿಡಿಯುವುದಿಲ್ಲ, ಟೊಂಕಕ್ಕೆ ಉಡಿ ಕಟ್ಟಿಕೊಂಡು ಅದರಲ್ಲಿ ತುಂಬುತ್ತಾರೆ. ತುಂಬಿದ ಕೊಡ ಒಂದೋ ತಲೆಯ ಮೇಲಿನ ಸಿಂಬೆಗೆ ಏರುತ್ತದೆ, ಇಲ್ಲವೇ ಟೊಂಕದ ಮೇಲೆ ಕೂರುತ್ತದೆ. ಹೊರೆಯನ್ನು ಎಲ್ಲಿ ಇಟ್ಟುಕೊಳ್ಳಬೇಕು ಎಂಬುದು ದುಡಿಯುವ ಮೈಗೆ ಗೊತ್ತಿದೆ. ಯಾಕೆ ಅಲ್ಲೇ ಇಡಬೇಕು ಎಂಬುದು ಈ ಅಧ್ಯಾಯದ ಪ್ರಶ್ನೆ.

ಈ ಪ್ರಶ್ನೆಗೆ ಅತಿ ಹೆಚ್ಚು ಹಣ, ಕಾಲ ಮತ್ತು ಮನುಷ್ಯರ ಆರೋಗ್ಯವನ್ನು ವ್ಯಯಿಸಿ ಉತ್ತರ ಹುಡುಕಿದ ಸಂಸ್ಥೆಗಳಲ್ಲಿ ಬ್ರಿಟನ್ನಿನ ಸೈನ್ಯವೂ ಒಂದು. ಅದರ ಸಿಪಾಯಿಗಳ ಹೊರೆಯ ಕಥೆಯಲ್ಲಿ ನಮ್ಮ ಸುರಪುರವೂ ಬರುತ್ತದೆ, ಹೈದರಾಬಾದಿನ ಒಬ್ಬ ವೈದ್ಯರೂ ಬರುತ್ತಾರೆ.

ಬಾಗುಬಲ

ಹಳೆಯ ವಾಡೆಯ ದಪ್ಪ ಕದವನ್ನು ತಳ್ಳುವಾಗ ಯಾರೂ ಬಿಜಾಗರಿಯ ಪಕ್ಕದಲ್ಲಿ ಕೈ ಇಡುವುದಿಲ್ಲ. ಅಲ್ಲಿ ಎಷ್ಟು ಒತ್ತಿದರೂ ಕದ ಅಲುಗಾಡುವುದು ಕಷ್ಟ. ಬಿಜಾಗರಿಯಿಂದ ದೂರದ ಅಂಚಿನಲ್ಲಿ ಬೆರಳಿಟ್ಟು ತಳ್ಳಿದರೂ ಸಾಕು, ತೆರೆದುಕೊಳ್ಳುತ್ತದೆ. ತಳ್ಳುವ ಬಲ ಅಷ್ಟೇ ಇದ್ದರೂ, ಅದು ಬಿಜಾಗರಿಯಿಂದ ದೂರ ಹೋದಷ್ಟೂ ಪರಿಣಾಮ ಹೆಚ್ಚುತ್ತದೆ.

ನಮ್ಮ ಮೈಯಲ್ಲಿ ಆ ಬಿಜಾಗರಿ ಇರುವುದು ಬೆನ್ನುಮೂಳೆಯ ಕೆಳತುದಿಯಲ್ಲಿ, ಟೊಂಕದ ಮಟ್ಟದಲ್ಲಿ. ಹೊರೆ ಅದರಿಂದ ದೂರ ಹೋದಷ್ಟೂ ಮೈಯನ್ನು ಆ ಕಡೆಗೆ ಬಗ್ಗಿಸುವ ಒತ್ತಾಯ ಹೆಚ್ಚುತ್ತದೆ. ಇದನ್ನು ನಾವು ಬಾಗುಬಲ ಎಂದು ಕರೆಯೋಣ. ತೂಕವನ್ನು ದೂರದಿಂದ ಗುಣಿಸಿದರೆ ಬಾಗುಬಲ ಸಿಗುತ್ತದೆ. ಅದನ್ನು ಎದುರಿಸಿ ಮೈಯನ್ನು ನೆಟ್ಟಗೆ ನಿಲ್ಲಿಸುವ ಕೆಲಸ ಬೆನ್ನುಮೂಳೆಯ ಹಿಂಬದಿಯ ಸ್ನಾಯುಗಳದ್ದು. ಅವುಗಳ ಕಷ್ಟ ಏನೆಂದರೆ, ಅವು ಮೂಳೆಗೆ ತೀರ ಹತ್ತಿರ, ಸುಮಾರು 5 ಸೆಂಟಿಮೀಟರ್ ದೂರದಲ್ಲಿವೆ.

10 ಕಿಲೋದ ಡಬ್ಬವನ್ನು ಕೈ ಮುಂದೆ ಚಾಚಿ, ಬೆನ್ನುಮೂಳೆಯಿಂದ 40 ಸೆಂಟಿಮೀಟರ್ ದೂರದಲ್ಲಿ ಹಿಡಿದಿದ್ದೀರಿ ಎಂದುಕೊಳ್ಳಿ. ದೂರ ಎಂಟು ಪಟ್ಟು. ಹಾಗಾಗಿ ಬೆನ್ನಿನ ಸ್ನಾಯುಗಳು 80 ಕಿಲೋ ಎತ್ತುವಷ್ಟು ಬಿಗಿಯಬೇಕು. ಡಬ್ಬದ 10 ಕಿಲೋ ಮತ್ತು ಸ್ನಾಯುಗಳ 80 ಕಿಲೋದ ಎಳೆತ, ಎರಡೂ ಕೂಡಿ ಬೆನ್ನುಮೂಳೆಯ ಬಿಲ್ಲೆಗಳನ್ನು ಒತ್ತುತ್ತವೆ. ಅದೇ ಡಬ್ಬವನ್ನು ಎದೆಗೆ ಅವುಚಿಕೊಂಡು ದೂರವನ್ನು 20 ಸೆಂಟಿಮೀಟರಿಗೆ ಇಳಿಸಿದರೆ ಸ್ನಾಯುಗಳ ಕೆಲಸ 40 ಕಿಲೋಗೆ ಇಳಿಯುತ್ತದೆ. ಡಬ್ಬದಿಂದ ಒಂದು ಕಾಳೂ ತೆಗೆದಿಲ್ಲ, ದೂರವನ್ನಷ್ಟೇ ತೆಗೆದದ್ದು.

ಬೆನ್ನಿಗೆ ಕಟ್ಟಿದ ಚೀಲಕ್ಕೆ ಇನ್ನೊಂದು ಲೆಕ್ಕವಿದೆ. ಮನುಷ್ಯನ ಇಡೀ ತೂಕ ಒಂದೇ ಕಡೆ ಸೇರಿದಂತೆ ವರ್ತಿಸುವ ಜಾಗವನ್ನು ತೂಕಬಿಂದು ಎನ್ನೋಣ. ನೆಟ್ಟಗೆ ನಿಂತಾಗ ಅದು ಹೊಕ್ಕುಳಿನ ಸ್ವಲ್ಪ ಕೆಳಗೆ, ಮೈಯ ಒಳಗೆ ಇರುತ್ತದೆ. ಆ ಬಿಂದು ಪಾದಗಳ ಮೇಲೆಯೇ ಇರುವವರೆಗೆ ನಾವು ಬೀಳುವುದಿಲ್ಲ. 60 ಕಿಲೋದ ಆಳು 20 ಕಿಲೋದ ಚೀಲವನ್ನು 20 ಸೆಂಟಿಮೀಟರ್ ಹಿಂದಕ್ಕೆ ಜೋತುಹಾಕಿದರೆ ಎರಡೂ ಕೂಡಿದ ತೂಕಬಿಂದು 5 ಸೆಂಟಿಮೀಟರ್ ಹಿಂದಕ್ಕೆ ಸರಿಯುತ್ತದೆ. ಅದನ್ನು ಪಾದದ ಮೇಲಕ್ಕೆ ಮರಳಿ ತರಲು ಆತ ಮುಂದಕ್ಕೆ ಬಾಗಲೇಬೇಕು. ನಮ್ಮ ಹಮಾಲ ಬಾಗಿ ನಡೆಯುವುದು ಇದಕ್ಕೇ. ಬಾಗಿದ ಭಂಗಿಯಲ್ಲಿ ಗಂಟೆಗಟ್ಟಲೆ ನಡೆದರೆ ಬೆನ್ನು, ಕತ್ತು ಎರಡೂ ದಣಿಯುತ್ತವೆ.

ಹೊರೆಯ ಬಗ್ಗೆ ಕೇಳಬೇಕಾದ ಪ್ರಶ್ನೆಗಳು ಹಾಗಾದರೆ ಎರಡು. ಅದು ಮೈಯಿಂದ ಎಷ್ಟು ದೂರದಲ್ಲಿದೆ? ಅದರ ಭಾರ ಯಾವ ದಾರಿ ಹಿಡಿದು ನೆಲಕ್ಕೆ ಇಳಿಯುತ್ತದೆ? ಮುಂದೆ ಬರುವ ನೂರೈವತ್ತು ವರ್ಷಗಳ ಎಲ್ಲ ಪಟ್ಟಿ, ಚೀಲ, ಬಕಲುಗಳನ್ನು ಈ ಎರಡು ಪ್ರಶ್ನೆಗಳಿಂದಲೇ ಅಳೆಯಬಹುದು.

ಸುರಪುರದ ಬೆಟ್ಟದ ಕೆಳಗೆ

ಸುರಪುರದ ಬೇಡ ನಾಯಕರಿಗೆ ಹಗುರಾಗಿ ಓಡಾಡುವ ಯುದ್ಧ ಹೊಸದಾಗಿರಲಿಲ್ಲ. 1705ರಲ್ಲಿ ಔರಂಗಜೇಬ ತಾನೇ ಬಂದು ಅವರ ವಾಗಿನಗೇರಾ ಕೋಟೆಗೆ ಮುತ್ತಿಗೆ ಹಾಕಿದ. ಅದು ಆತ ಬದುಕಿನಲ್ಲಿ ನಡೆಸಿದ ಕೊನೆಯ ಮುತ್ತಿಗೆ. ತೋಪು, ಡೇರೆ, ಆನೆ, ಒಂಟೆಗಳ ಸಾಲಿನೊಂದಿಗೆ ಬಂದ ಮೊಗಲ್ ಸೈನ್ಯಕ್ಕೆ ಕೋಟೆಯೇನೋ ಸಿಕ್ಕಿತು. ಬೇಡರ ದೊರೆ ಪಿಡ್ಡನಾಯಕ ಮಾತ್ರ ಕೈಗೆ ಸಿಗದೆ ಹೊರಟುಹೋದ. ಬಂಡೆಗಳ ನಡುವಿನ ದಾರಿಯಲ್ಲಿ ಕಡಿಮೆ ಹೊತ್ತವನಿಗೆ ಇರುವ ಅನುಕೂಲವನ್ನು ಈ ನೆಲ ಬಹಳ ಹಿಂದೆಯೇ ಕಂಡಿದೆ.

1858ರ ಫೆಬ್ರುವರಿಯಲ್ಲಿ ಅದೇ ನೆಲಕ್ಕೆ ಬ್ರಿಟಿಷರ ತುಕಡಿಗಳು ಬಂದವು. ರಾಜಾ ವೆಂಕಟಪ್ಪ ನಾಯಕ ಈಸ್ಟ್ ಇಂಡಿಯಾ ಕಂಪನಿಯ ವಿರುದ್ಧ ನಿಂತಿದ್ದರು. ಫೆಬ್ರುವರಿ 8ರ ಕಾಳಗದಲ್ಲಿ ಮದ್ರಾಸ್ ಅಶ್ವದಳದ ಕ್ಯಾಪ್ಟನ್ ನ್ಯೂಬೆರಿ ಸತ್ತ. ಹೈದರಾಬಾದಿಗೆ ಹೋದ ರಾಜರು ಅಲ್ಲಿ ಸೆರೆಯಾದರು. ಚೆಂಗಲಪಟ್ಟಿಗೆ ಒಯ್ಯುತ್ತಿದ್ದ ದಾರಿಯಲ್ಲಿ ಅದೇ ವರ್ಷ ಗುಂಡೇಟಿನಿಂದ ತೀರಿಕೊಂಡರು. ಅವರ ಬಾಲ್ಯದಲ್ಲಿ ಸಂಸ್ಥಾನದ ಆಡಳಿತ ನೋಡಿಕೊಂಡಿದ್ದ ಫಿಲಿಪ್ ಮೆಡೋಸ್ ಟೇಲರ್ ಕಟ್ಟಿಸಿದ ಬಂಗಲೆ ಇಂದಿಗೂ ಸುರಪುರದ ಗುಡ್ಡದ ಮೇಲೆ ಟೇಲರ್ ಮಂಜಿಲ್ ಎಂಬ ಹೆಸರಿನಲ್ಲಿ ನಿಂತಿದೆ.

ಆ ಕಾಲದ ಬ್ರಿಟಿಷ್ ಪದಾತಿ ಸಿಪಾಯಿಯ ಮೈಮೇಲೆ ಏನಿರುತ್ತಿತ್ತು? ಎದೆಯ ಮೇಲೆ ಓರೆಯಾಗಿ ಹಾಯುವ ತೊಗಲಿನ ಪಟ್ಟಿ. ಅದರ ತುದಿಗೆ 60 ತೋಟಾಗಳ ಪೆಟ್ಟಿಗೆ, ಪಕ್ಕದಲ್ಲಿ ಬಯೊನೆಟ್. ಪಕ್ಕಕ್ಕೆ ಬುತ್ತಿಯ ಚೀಲ ಮತ್ತು ನೀರಿನ ಪಾತ್ರೆ. ಕೈಯಲ್ಲಿ ನಾಲ್ಕೂವರೆ ಕಿಲೋ ಸುಮಾರಿನ ಬಂದೂಕು. ಬೆನ್ನ ಮೇಲೆ ನ್ಯಾಪ್‌ಸ್ಯಾಕ್, ಅಂದರೆ ಕಪ್ಪು ಬಣ್ಣ ಬಳಿದ ಕ್ಯಾನ್ವಾಸಿನ ಚೌಕ ಚೀಲ. ಅದರ ಆಕಾರ ಕೆಡದಿರಲೆಂದು ಅಂಚಿಗೆ ಮರದ ಹಲಗೆ ಕೂರಿಸುತ್ತಿದ್ದರು. ಕವಾಯತಿನಲ್ಲಿ ಸಾಲು ಸಾಲಾಗಿ ನಿಂತಾಗ ಎಲ್ಲರ ಬೆನ್ನೂ ಒಂದೇ ತರಹ ಕಾಣಬೇಕಿತ್ತು. ಎಲ್ಲವೂ ಕೂಡಿದರೆ ಪೂರ್ಣ ಹೊರೆ ಸುಮಾರು 27 ಕಿಲೋ.

ಭಾರತದ ಬಿಸಿಲಿನಲ್ಲಿ ನ್ಯಾಪ್‌ಸ್ಯಾಕನ್ನು ಎಷ್ಟೋ ಸಲ ಬಂಡಿಗೋ ಒಂಟೆಗೋ ಹೇರಿಬಿಡುತ್ತಿದ್ದರು. ಈ ಭಾಗಕ್ಕೆ ಆಗ ರೈಲು ಇರಲಿಲ್ಲ. ಮುಂಬೈ ಮತ್ತು ಮದ್ರಾಸಿನ ಹಳಿಗಳು ರಾಯಚೂರಿನಲ್ಲಿ ಕೂಡಿದ್ದು 1871ರಲ್ಲಿ. ಮೈಮೇಲೆ ಉಳಿಯುತ್ತಿದ್ದ ತೋಟಾ, ನೀರು, ಬುತ್ತಿಗಳೂ ಕಡಿಮೆಯೇನಲ್ಲ.

ನಮ್ಮ ಎರಡು ಪ್ರಶ್ನೆಗಳನ್ನು ಪಟ್ಟಿ, ಚೀಲಗಳ ಈ ಇಡೀ ಕಟ್ಟಿಗೆ ಕೇಳಿ ನೋಡೋಣ. ಹಲಗೆಯ ಚೀಲ ಬೆನ್ನಿನ ಬಾಗಿಗೆ ಹೊಂದದೆ ಹಿಂದಕ್ಕೆ ಚಾಚಿಕೊಳ್ಳುತ್ತಿತ್ತು, ಅಂದರೆ ದೂರ ಹೆಚ್ಚು. ಅದು ಹಿಂದಕ್ಕೆ ಜಗ್ಗದಂತೆ ತಡೆಯಲು ಹೆಗಲಪಟ್ಟಿಗಳನ್ನು ಕಂಕುಳಿನ ಅಡಿಯಿಂದ ಬಿಗಿದು, ಎದೆಯ ಮೇಲೆ ಅಡ್ಡಪಟ್ಟಿ ಹಾಕುತ್ತಿದ್ದರು. ಹಾಗಾಗಿ ಭಾರವೆಲ್ಲ ಹೆಗಲಿನಿಂದ ಬೆನ್ನುಮೂಳೆಗೆ ಇಳಿಯಬೇಕಿತ್ತು, ಬರುವ ದಾರಿಯಲ್ಲಿ ಎದೆಗೂಡನ್ನು ಹಿಂಡಬೇಕಿತ್ತು. ಕತ್ತಿನಿಂದ ಕೈಗೆ ಹೋಗುವ ನರಗಳ ಗೊಂಚಲು ಕೊರಳೆಲುಬಿನ ಅಡಿಯಲ್ಲೇ ಹಾಯುತ್ತದೆ. ಅಲ್ಲಿ ಪಟ್ಟಿ ಒತ್ತಿದರೆ ಕೈ ಜೋಮು ಹಿಡಿಯುತ್ತದೆ, ಬೆರಳಿನ ಹಿಡಿತ ಸಡಿಲವಾಗುತ್ತದೆ. ಬಂದೂಕು ಹಿಡಿಯಬೇಕಾದ ಕೈ ಹೊರೆಯಿಂದಲೇ ಸೋಲುತ್ತಿತ್ತು.

ಹೈದರಾಬಾದಿನಿಂದ ನೆಟ್ಲಿಗೆ

ಈ ಹೊರೆಯ ವಿರುದ್ಧ ಗಟ್ಟಿಯಾಗಿ ಮಾತಾಡಿದವರಲ್ಲಿ ಒಬ್ಬರು ವೈದ್ಯ ವಿಲಿಯಂ ಕ್ಯಾಂಪ್ಬೆಲ್ ಮ್ಯಾಕ್ಲೀನ್. ಅವರು ಮದ್ರಾಸ್ ಸೈನ್ಯದ ವೈದ್ಯಕೀಯ ಸೇವೆಯವರು. ಹೈದರಾಬಾದ್ ರೆಸಿಡೆನ್ಸಿಯ ಸರ್ಜನ್ ಆಗಿದ್ದಾಗ 1846ರಲ್ಲಿ ಶುರುವಾದ ಅಲ್ಲಿನ ವೈದ್ಯಕೀಯ ಶಾಲೆಯ ಮೊದಲ ಮುಖ್ಯಸ್ಥರೂ ಅವರೇ. ಸುರಪುರ, ಶಹಾಪುರ, ಯಾದಗಿರಿಗಳು ಮುಂದೆ ದಶಕಗಳ ಕಾಲ ಇದೇ ಹೈದರಾಬಾದ್ ರಾಜ್ಯದ ಆಡಳಿತದಲ್ಲಿದ್ದವು.

ಇಂಗ್ಲೆಂಡಿಗೆ ಮರಳಿದ ಮ್ಯಾಕ್ಲೀನ್ ನೆಟ್ಲಿಯ ಸೈನ್ಯ ವೈದ್ಯಕೀಯ ಶಾಲೆಯಲ್ಲಿ ಪ್ರಾಧ್ಯಾಪಕರಾದರು. ಆಸ್ಪತ್ರೆಗೆ ಬರುತ್ತಿದ್ದ ಯುವ ಸಿಪಾಯಿಗಳಲ್ಲಿ ಎದೆ ಬಡಿತ, ಉಸಿರು ಕಟ್ಟುವಿಕೆ ಮತ್ತು ಹೃದಯದ ತೊಂದರೆ ಕಂಡು, 1863ರ ಹೊತ್ತಿಗೆ ಅವರು ಬಹಿರಂಗ ಉಪನ್ಯಾಸದಲ್ಲಿ ನ್ಯಾಪ್‌ಸ್ಯಾಕ್ ಮತ್ತು ಅಡ್ಡಪಟ್ಟಿಗಳತ್ತ ಬೆರಳು ತೋರಿದರು. ಎದೆ ಹಿಗ್ಗಲು ಬಿಡದೆ ಬಿಗಿದು, ಅದರ ಮೇಲೆ ಭಾರ ಹೇರಿ ಮೈಲಿಗಟ್ಟಲೆ ನಡೆಸಿದರೆ ಹೃದಯ ಏನು ಮಾಡೀತು ಎಂಬುದು ಅವರ ವಾದ. ಈ ರೋಗಕ್ಕೆ ಪಟ್ಟಿಯೊಂದೇ ಕಾರಣವಲ್ಲ, ಬೇರೆ ಸೋಂಕು ಮತ್ತು ಮಾನಸಿಕ ಒತ್ತಡಗಳ ಪಾಲೂ ಇದೆ ಎಂದು ನಂತರದ ವೈದ್ಯರು ಕಂಡುಕೊಂಡರು. ಆದರೆ ಉಸಿರಾಟಕ್ಕೆ ಪಟ್ಟಿ ಅಡ್ಡಿ ಎಂಬ ಅವರ ಮಾತು ನಿಂತಿತು.

1864ರಲ್ಲಿ ಸರ್ಕಾರ ಈ ಬಗ್ಗೆ ಒಂದು ಸಮಿತಿ ಮಾಡಿತು. ಅದೇ ನೆಟ್ಲಿಯಲ್ಲಿ ಸೈನ್ಯದ ಆರೋಗ್ಯಶಾಸ್ತ್ರ ಕಲಿಸುತ್ತಿದ್ದ ಎಡ್ಮಂಡ್ ಪಾರ್ಕ್ಸ್ ಅದರ ಸದಸ್ಯರು. ಹೊರೆ ಹೊತ್ತವನ ನಾಡಿ ಎಷ್ಟು ಏರುತ್ತದೆ, ಉಸಿರಿನ ಲಯ ಹೇಗೆ ಬದಲಾಗುತ್ತದೆ ಎಂಬುದನ್ನು ಅಳೆದು ನೋಡುವ ದೃಷ್ಟಿ ಅಲ್ಲಿಂದ ಬಲವಾಯಿತು. ಹೊರೆಯ ಕಟ್ಟು ಕವಾಯತಿನ ಅಂದಕ್ಕೆ ಹೊಂದಬೇಕು ಎಂಬ ಮಾತಿನ ಎದುರು, ಮೈಗೆ ಹೊಂದಬೇಕು ಎಂಬ ಮಾತು ಮೊದಲ ಸಲ ಅಧಿಕೃತವಾಗಿ ನಿಂತಿತು.

ಅದರ ಫಲ 1871ರ ವಾಲೀಸ್ ಕಟ್ಟು. ಹಲಗೆ ಹೋಯಿತು, ಎದೆಯ ಅಡ್ಡಪಟ್ಟಿ ಹೋಯಿತು. ಮೆತ್ತನೆಯ ಚೀಲ ಬೆನ್ನಿನ ಮೇಲ್ಭಾಗದಿಂದ ಕೆಳಗಿಳಿದು ಟೊಂಕದ ಹತ್ತಿರ ಬಂತು. ತೋಟಾಗಳು ನಡುಪಟ್ಟಿಯ ಮುಂಭಾಗಕ್ಕೆ ಬಂದವು. ಎರಡು ಹೆಗಲಪಟ್ಟಿಗಳು ಎಲ್ಲವನ್ನೂ ಎತ್ತಿ ಹಿಡಿದವು. ಭಾರ ಟೊಂಕದ ಕಡೆ ಇಳಿಯಲು ಶುರುವಾದದ್ದು ಇಲ್ಲಿಂದ. ಚೀಲ ತೀರ ಕೆಳಗೆ ತೂಗಾಡಿ ನಡೆಯುವಾಗ ಬಡಿಯುತ್ತಿದ್ದುದರಿಂದ ಮುಂದಿನ ಮಾದರಿಗಳಲ್ಲಿ, 1888ರ ಸ್ಲೇಡ್-ವ್ಯಾಲೇಸ್ ಕಟ್ಟಿನಲ್ಲಿ, ಅದನ್ನು ಮತ್ತೆ ಮೇಲಕ್ಕೆ ತಂದರು. ಸರಿಯಾದ ಜಾಗ ಒಂದೇ ಹೆಜ್ಜೆಗೆ ಸಿಗಲಿಲ್ಲ.

ತೊಗಲು ಹೋಗಿ ಹತ್ತಿ ಬಂತು

ತೊಗಲಿನ ಪಟ್ಟಿ ಮಳೆಗೆ ನೆನೆದರೆ ಹಿಗ್ಗುತ್ತದೆ, ಒಣಗಿದರೆ ಸೆಟೆದು ಬಿರಿಯುತ್ತದೆ. 1899ರಿಂದ 1902ರವರೆಗೆ ದಕ್ಷಿಣ ಆಫ್ರಿಕದ ಬೋಅರ್ ಯುದ್ಧದಲ್ಲಿ ತೊಗಲಿನ ಕಟ್ಟಿನ ದೋಷಗಳು ಬಯಲಾದವು. ಇದಕ್ಕೆ ಪರಿಹಾರ ಬಂದದ್ದು ಹತ್ತಿಯಿಂದ. ಅಮೆರಿಕದ ಸೇನಾಧಿಕಾರಿ ಆನ್ಸನ್ ಮಿಲ್ಸ್ ದಪ್ಪ ಹತ್ತಿನೂಲಿನ ಪಟ್ಟಿಯನ್ನು ಮಗ್ಗದಲ್ಲೇ ಬೇಕಾದ ಆಕಾರಕ್ಕೆ ನೇಯುವ ವಿಧಾನ ಕಂಡುಹಿಡಿದಿದ್ದ. ಆ ನೇಯ್ಗೆಯನ್ನು ಬಳಸಿ ಬ್ರಿಟಿಷ್ ಸೈನ್ಯದ ಮೇಜರ್ ಬರೋಸ್ ರೂಪಿಸಿದ್ದೇ 1908ರ ಕಟ್ಟು.

ಇದರ ಹೆಚ್ಚುಗಾರಿಕೆ ಬಟ್ಟೆಯಲ್ಲಷ್ಟೇ ಇರಲಿಲ್ಲ. ಮುಂದೆ ಎಡಬಲಕ್ಕೆ ತಲಾ 75 ತೋಟಾಗಳ ಪಾಕೀಟು, ಹಿಂದೆ ಚೀಲ, ಪಕ್ಕಕ್ಕೆ ನೀರಿನ ಬಾಟಲಿ ಮತ್ತು ಬುತ್ತಿ. ಎಲ್ಲವೂ ಒಂದಕ್ಕೊಂದು ಹೊಂದಿಕೊಂಡು, ನಡುಪಟ್ಟಿ ಬಿಚ್ಚಿದರೆ ಇಡೀ ಕಟ್ಟನ್ನು ಅಂಗಿಯಂತೆ ಕಳಚಿ ಇಡಬಹುದಿತ್ತು. ಹಿಂದಿನ ಚೀಲ ಹಿಂದಕ್ಕೆ ಬಗ್ಗಿಸುವ ಬಾಗುಬಲವನ್ನು ಮುಂದಿನ ತೋಟಾಗಳ ಬಾಗುಬಲ ಸರಿದೂಗಿಸಿತು. ತೂಕಬಿಂದು ಪಾದದ ಮೇಲೆಯೇ ಉಳಿಯಿತು, ಮುಂದಕ್ಕೆ ಬಾಗುವ ಒತ್ತಾಯ ತಗ್ಗಿತು. ಹೊರೆಯ ವಿಜ್ಞಾನದಲ್ಲಿ ಇದು ದೊಡ್ಡ ಹೆಜ್ಜೆ.

ಮುಂದೆ-ಹಿಂದೆ ಹಂಚಿದ ಹೊರೆ ಮೈಗೆ ಹಗುರ ಎಂಬುದನ್ನು ನಮ್ಮ ದೇಶದಲ್ಲೇ ಅಳೆದು ತೋರಿಸಿದ್ದಾರೆ. 1971ರಲ್ಲಿ ದತ್ತಾ ಮತ್ತು ರಾಮನಾಥನ್ ಎಂಬ ಸಂಶೋಧಕರು ಒಂದೇ ತೂಕವನ್ನು ಏಳು ರೀತಿಯಲ್ಲಿ ಹೊರಿಸಿ ಮೈ ಖರ್ಚು ಮಾಡುವ ಶಕ್ತಿಯನ್ನು ಹೋಲಿಸಿದರು. ತಲೆ, ಬೆನ್ನು, ಹೆಗಲ ಕಾವಡಿ, ಕೈಗಳು ಹೀಗೆ. ಎದೆಗೆ ಅರ್ಧ, ಬೆನ್ನಿಗೆ ಅರ್ಧ ಹಂಚಿದಾಗ ಖರ್ಚು ಅತಿ ಕಡಿಮೆ. ಎರಡು ಕೈಗಳಲ್ಲಿ ಹಿಡಿದು ನಡೆದಾಗ ಅತಿ ಹೆಚ್ಚು. ಹಮಾಲ ಬಕೆಟ್ಟಿಗೆ ಯಾಕೆ ಸೋಲುತ್ತಾನೆ ಎಂಬುದಕ್ಕೆ ಇಲ್ಲಿ ಉತ್ತರವಿದೆ. ಕೈಯಲ್ಲಿ ಹಿಡಿದ ತೂಕ ಯಾವ ಎಲುಬಿನ ಮೇಲೂ ಕೂರುವುದಿಲ್ಲ, ಬೆರಳು, ಮುಂಗೈ, ಭುಜದ ಸಣ್ಣ ಸ್ನಾಯುಗಳು ಅದನ್ನು ಎಡೆಬಿಡದೆ ಹಿಡಿದಿರಬೇಕು. ಒಂದೇ ಕೈಯಲ್ಲಿದ್ದರಂತೂ ಬಾಗುಬಲ ಪಕ್ಕಕ್ಕೂ ಎಳೆಯುತ್ತದೆ.

ಮೂರನೇ ಒಂದು ಭಾಗ

ಕಟ್ಟು ಉತ್ತಮವಾಯಿತು, ಹೊರೆ ಮಾತ್ರ ಕಡಿಮೆಯಾಗಲಿಲ್ಲ. 1916ರ ಜುಲೈ 1ರಂದು ಮೊದಲ ಮಹಾಯುದ್ಧದ ಸೋಮ್ ಕದನದ ಆರಂಭದ ದಿನ ಬ್ರಿಟಿಷ್ ಸಿಪಾಯಿಗಳು ಸುಮಾರು 30 ಕಿಲೋ ಹೊತ್ತು ಕಂದಕದಿಂದ ಮೇಲೆದ್ದರು. ಅದು ಎಷ್ಟೋ ಜನರ ಮೈತೂಕದ ಅರ್ಧದಷ್ಟು. ಅಷ್ಟು ಹೊತ್ತವರು ಓಡುವುದು, ಬಾಗುವುದು, ಬಿದ್ದರೆ ಏಳುವುದು ಎಲ್ಲವೂ ಕಷ್ಟವಾಗಿತ್ತು. ಆ ಒಂದು ದಿನ 19,000ಕ್ಕೂ ಹೆಚ್ಚು ಬ್ರಿಟಿಷ್ ಸೈನಿಕರು ಸತ್ತರು. ಮೆಷಿನ್‌ಗನ್ನುಗಳ ಎದುರು ಹೊರೆಯೊಂದೇ ಅವರನ್ನು ಕೊಂದಿತು ಎನ್ನಲಾಗದು. ಆದರೆ ಹೊರೆ ಅವರನ್ನು ನಿಧಾನಗೊಳಿಸಿತು ಎಂಬುದನ್ನು ಮರೆಯಲೂ ಆಗದು.

ಯುದ್ಧ ಮುಗಿದ ಮೇಲೆ, 1920ರ ದಶಕದ ಆರಂಭದಲ್ಲಿ ಕ್ಯಾತ್‌ಕಾರ್ಟ್ ಎಂಬ ಶರೀರಶಾಸ್ತ್ರಜ್ಞ ಮತ್ತು ಸಂಗಡಿಗರು ಹೊರೆ ಹೊತ್ತು ನಡೆಯುವವರ ಉಸಿರನ್ನು ಚೀಲದಲ್ಲಿ ಹಿಡಿದು, ಬಳಸಿದ ಆಮ್ಲಜನಕವನ್ನು ಅಳೆದರು. ಎಷ್ಟು ಹೊತ್ತರೆ ಮೈ ಮಿತವ್ಯಯದಿಂದ ದುಡಿಯುತ್ತದೆ, ಎಲ್ಲಿಂದಾಚೆ ಪ್ರತಿ ಹೆಚ್ಚುವರಿ ಕಿಲೋ ದುಬಾರಿಯಾಗುತ್ತದೆ ಎಂದು ಹುಡುಕಿದರು. ಇಂಥ ಅಧ್ಯಯನಗಳಿಂದ ಸೈನ್ಯದ ಜಗತ್ತಿನಲ್ಲಿ ಒಂದು ಅಂದಾಜು ನೆಲೆಯಾಯಿತು. ಕಾದಾಡಬೇಕಾದವನ ಹೊರೆ ಅವನ ಮೈತೂಕದ ಮೂರನೇ ಒಂದು ಭಾಗವನ್ನು ದಾಟಬಾರದು. 60 ಕಿಲೋದ ಆಳಿಗೆ ಅದು 20 ಕಿಲೋ.

ಟೊಂಕದ ಬುದ್ಧಿ

ಎರಡನೇ ಮಹಾಯುದ್ಧಕ್ಕೆ 1937ರ ಕಟ್ಟು ಬಂತು. ಅದು ಭಾರತದಲ್ಲೂ ತಯಾರಾಗಿ ನಮ್ಮ ಸಿಪಾಯಿಗಳ ಮೈಯೇರಿತು. ಬರ್ಮಾದ ಕಾಡಿನಲ್ಲಿ ಅದರ ದಪ್ಪ ಹತ್ತಿ ನೀರು ಕುಡಿದು ಭಾರವಾಗುತ್ತಿತ್ತು, ಕೊಳೆಯುತ್ತಿತ್ತು. ಬೆವರು ಮತ್ತು ಮಳೆಯೇ ಹೊರೆಯಾದವು. ಅದಕ್ಕಾಗಿ ಬೇಗ ಒಣಗುವ ತೆಳು ಕ್ಯಾನ್ವಾಸು, ಹಗುರ ಲೋಹದ ಬಕಲುಗಳ 1944ರ ಕಟ್ಟು ತಯಾರಾಯಿತು. 1958ರ ಕಟ್ಟಿನಲ್ಲಿ ಅಗಲವಾದ ನೊಗದಂಥ ಹೆಗಲಪಟ್ಟಿ ಬಂತು, ಹಿಂದಿನ ಪಾಕೀಟುಗಳು ಟೊಂಕದ ಮೇಲೆ ಒರಗಿದವು. 1980ರ ದಶಕದಲ್ಲಿ ಪರೀಕ್ಷೆಗೊಂಡು 1990ರ ಹೊತ್ತಿಗೆ ಬಳಕೆಗೆ ಬಂದ ಪಿಎಲ್‌ಸಿಇ ಎಂಬ ಕಟ್ಟು ಹತ್ತಿಯನ್ನು ಬಿಟ್ಟು ನೈಲಾನಿಗೆ ಹೋಯಿತು. ಅದರಲ್ಲಿ ಮೆತ್ತೆಯಿಟ್ಟ ನಡುಪಟ್ಟಿ ಇದೆ, ನಿತ್ಯ ಬೇಕಾದ್ದೆಲ್ಲ ಅದರ ಸುತ್ತ ಕೂರುತ್ತದೆ.

ಎಲ್ಲ ದಾರಿಗಳೂ ಟೊಂಕಕ್ಕೇ ಯಾಕೆ ಬಂದವು? ಟೊಂಕದ ಎಲುಬು ಅಗಲವಾದ ಬಟ್ಟಲಿನಾಕಾರದ ಗಟ್ಟಿ ಕಟ್ಟಡ. ಅದರ ಎರಡೂ ಬದಿಗೆ ಮೈಯಲ್ಲೇ ಅತಿ ದಪ್ಪವಾದ ತೊಡೆಯೆಲುಬುಗಳು ಕೂಡುತ್ತವೆ. ಅದರ ಮೇಲೆ ಕೂತ ಭಾರ ಬೆನ್ನುಮೂಳೆಯನ್ನು ಹಾಯದೆ, ಹೆಗಲ ನರಗಳನ್ನು ಒತ್ತದೆ, ಎದೆಯನ್ನು ಹಿಂಡದೆ ನೇರ ಕಾಲುಗಳ ಮೂಲಕ ನೆಲ ಸೇರುತ್ತದೆ. ದಾರಿ ಚಿಕ್ಕದು, ದಾರಿಯುದ್ದಕ್ಕೂ ಗಟ್ಟಿ ಎಲುಬು. ಮೈಯ ತೂಕಬಿಂದುವೂ ಟೊಂಕದ ಮಟ್ಟದಲ್ಲೇ ಇರುವುದರಿಂದ ಅಲ್ಲಿ ಕೂತ ಹೊರೆಗೆ ಬಾಗುಬಲ ಕಡಿಮೆ, ಹೆಜ್ಜೆ ತಪ್ಪಿದರೆ ತೂಗಾಡುವುದೂ ಕಡಿಮೆ.

ನಡುಪಟ್ಟಿಯಿದ್ದ ಚೌಕಟ್ಟಿನ ಬೆನ್ನಚೀಲವನ್ನು ಅಳೆದಾಗ, ಭಾರದ ನೂರರಲ್ಲಿ ಸುಮಾರು 30 ಪಾಲು ಟೊಂಕದ ಕಡೆಯಿಂದ ಇಳಿಯುತ್ತದೆ, ಉಳಿದ 70 ಪಾಲು ಹೆಗಲು ಮತ್ತು ಮೇಲ್ಬೆನ್ನಿನ ಮೇಲೇ ಉಳಿಯುತ್ತದೆ ಎಂದು ಅಮೆರಿಕದ ಸೈನ್ಯದ ಸಂಶೋಧಕರು 2004ರಲ್ಲಿ ತೋರಿಸಿದರು. 2016ರ ಸುಮಾರಿಗೆ ಬ್ರಿಟಿಷ್ ಸಿಪಾಯಿಗಳಿಗೆ ಬಂದ ವಿರ್ಟಸ್ ಕಟ್ಟು ಇದರ ಮುಂದಿನ ಹೆಜ್ಜೆ. ಗುಂಡುತಡೆ ಅಂಗಿ ಮತ್ತು ನಡುಪಟ್ಟಿಯ ನಡುವೆ ಬೆನ್ನಿನುದ್ದಕ್ಕೂ ಒಂದು ಗಟ್ಟಿ ಕೊಂಡಿಯಿದೆ. ಸಿಪಾಯಿ ನಡೆಯುತ್ತಲೇ ಅದನ್ನು ಏರಿಸಿ ಭಾರವನ್ನು ಹೆಗಲಿನಿಂದ ಟೊಂಕಕ್ಕೆ ದಾಟಿಸಬಹುದು. ಹೆಗಲು ದಣಿದಾಗ ಟೊಂಕಕ್ಕೆ, ಟೊಂಕ ದಣಿದಾಗ ಹೆಗಲಿಗೆ.

ಶಹಾಪುರದ ಹತ್ತಿ ಹೊಲದಲ್ಲಿ ಉಡಿ ಕಟ್ಟಿದ ಹೆಂಗಸಿನ ಮೈಯಲ್ಲೂ ಇದೇ ತತ್ವ ಕೆಲಸ ಮಾಡುತ್ತದೆ. ಹತ್ತಿ ಟೊಂಕಕ್ಕೆ ಒತ್ತಿಕೊಂಡಿದೆ, ಭಾರ ನೇರ ಕಾಲಿಗೆ ಇಳಿಯುತ್ತದೆ, ಎರಡೂ ಕೈ ಬಿಡುವಾಗಿವೆ. ಬಾಗುಬಲದ ಲೆಕ್ಕ ಅವರಿಗೆ ಯಾರೂ ಹೇಳಿಕೊಟ್ಟಿಲ್ಲ. ತಲೆಮಾರುಗಳ ದುಡಿಮೆ ಅದನ್ನು ಕಂಡುಕೊಂಡಿದೆ, ಅದಕ್ಕೆ ಪ್ರಯೋಗಶಾಲೆಯ ಅರಿವಿನಷ್ಟೇ ಗೌರವ ಸಲ್ಲಬೇಕು.

ತಲೆಯ ಮೇಲೆ, ಪಾದದ ಮೇಲೆ

ಹಾಗಾದರೆ ತಲೆಹೊರೆ? ತಲೆಯ ಮೇಲಿನ ಕೊಡ ಪಾದಗಳ ನೇರಕ್ಕೆ ಇರುತ್ತದೆ. ದೂರ ಸೊನ್ನೆಯ ಹತ್ತಿರ, ಬಾಗುಬಲವೂ ಹಾಗೆಯೇ. 1986ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಜಗತ್ತನ್ನು ಅಚ್ಚರಿಗೊಳಿಸಿತು. ಕೀನ್ಯಾದ ಲುವೋ ಮತ್ತು ಕಿಕುಯು ಹೆಂಗಸರು ಮೈತೂಕದ ಶೇಕಡ 20ರವರೆಗಿನ ಹೊರೆಯನ್ನು ಹೆಚ್ಚುವರಿ ಶಕ್ತಿ ಖರ್ಚಿಲ್ಲದೆ ಹೊತ್ತು ನಡೆಯುತ್ತಿದ್ದರು. ನಡಿಗೆಯಲ್ಲಿ ಮೈ ಏರಿಳಿಯುವಾಗ ಒಂದು ಹೆಜ್ಜೆಯ ವೇಗವನ್ನು ಮುಂದಿನ ಹೆಜ್ಜೆಗೆ ಉಳಿಸಿಕೊಳ್ಳುವ ಕಲೆ ಅವರಿಗೆ ಸಿದ್ಧಿಸಿತ್ತು ಎಂದು 1995ರ ಅಧ್ಯಯನ ವಿವರಿಸಿತು. ಆದರೆ ದಕ್ಷಿಣ ಆಫ್ರಿಕದ ಖೋಸಾ ಹೆಂಗಸರನ್ನು ಅಳೆದ ನಂತರದ ಅಧ್ಯಯನಕ್ಕೆ ಈ ಉಚಿತ ಸವಾರಿ ಕಾಣಲಿಲ್ಲ. ಅದು ಎಲ್ಲರಿಗೂ ಸಿಗುವ ವರವಲ್ಲ.

ಶಕ್ತಿಯ ಖರ್ಚು ಕಡಿಮೆ ಎಂದರೆ ಮೈಗೆ ಹಾನಿಯಿಲ್ಲ ಎಂದಲ್ಲ. ತಲೆಯ ಹೊರೆಯ ದಾರಿಯಲ್ಲಿ ಮೊದಲು ಸಿಗುವುದು ಕತ್ತು. ಬೆನ್ನುಮೂಳೆಯ ಅತಿ ಸಣ್ಣ ಮಣಿಗಳಿರುವುದು ಅಲ್ಲೇ. ಯಾದಗಿರಿ ಜಿಲ್ಲೆಯಿಂದ ಗುಳೆ ಹೋಗಿ ಬೆಂಗಳೂರು, ಪುಣೆ, ಹೈದರಾಬಾದಿನ ಕಟ್ಟಡಗಳಲ್ಲಿ ಕಾಂಕ್ರೀಟಿನ ಬಾಂಡ್ಲಿ ಹೊರುವ ಹೆಂಗಸರ ಕತ್ತಿನ ಮೇಲೆ ಆ ಭಾರ ದಿನವಿಡೀ ಬಂದು ಹೋಗುತ್ತದೆ. ಹೊರೆ ಹಗುರ ಅನ್ನಿಸುವುದಕ್ಕೂ ಮಣಿಗಳು ಸವೆಯುವುದಕ್ಕೂ ಸಂಬಂಧವಿಲ್ಲ.

ಇನ್ನು ಪಾದ. 1969ರಲ್ಲಿ ಸಂಶೋಧಕರಾದ ಸೌಲ್ ಮತ್ತು ಗೋಲ್ಡ್‌ಮನ್ ಅಳೆದ ಪ್ರಕಾರ ಪಾದಕ್ಕೆ ಕಟ್ಟಿದ ಒಂದು ಕಿಲೋ, ಮೈತೂಕದ ಒಂದು ಕಿಲೋಗಿಂತ ನಾಲ್ಕರಿಂದ ಆರು ಪಟ್ಟು ಶಕ್ತಿ ತಿನ್ನುತ್ತದೆ. ಟೊಂಕ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಸಾಗುತ್ತದೆ, ಪಾದ ಮಾತ್ರ ಪ್ರತಿ ಹೆಜ್ಜೆಗೂ ಪೂರ್ತಿ ನಿಂತು ಮತ್ತೆ ಹೊರಡಬೇಕು. ಆ ತೂಕವನ್ನು ನಿಲ್ಲಿಸಿ ಓಡಿಸುವ ಖರ್ಚು ಹೆಜ್ಜೆ ಹೆಜ್ಜೆಗೂ ಬೀಳುತ್ತದೆ. ದೂರ ನಡೆಯುವವರು ಚೀಲ ಹಗುರ ಮಾಡುವ ಮುನ್ನ ಚಪ್ಪಲಿ, ಬೂಟುಗಳನ್ನು ಹಗುರ ಮಾಡಿಕೊಳ್ಳಬೇಕು. ಪ್ರತಿ ವರ್ಷ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುವ ನಮ್ಮ ಭಾಗದ ಸಾವಿರಾರು ಜನರಿಗೆ ಇದು ತಕ್ಷಣ ಉಪಯೋಗಕ್ಕೆ ಬರುವ ವಿಜ್ಞಾನ.

ಕಟ್ಟು ಸುಧಾರಿಸಿತು, ಹೊರೆ ಬೆಳೆಯಿತು

1982ರಲ್ಲಿ ಫಾಕ್ಲೆಂಡ್ ದ್ವೀಪಗಳಲ್ಲಿ ಬ್ರಿಟಿಷ್ ನೌಕಾಪಡೆಯ ಕಮಾಂಡೊಗಳು ಮೂರು ದಿನಗಳಲ್ಲಿ ಸುಮಾರು 90 ಕಿಲೋಮೀಟರ್ ನಡೆದರು. ಬೆನ್ನ ಮೇಲೆ 36 ಕಿಲೋ ಸುಮಾರಿನ ಹೊರೆ. ವಿಕ್ಟೋರಿಯಾ ಕಾಲದ ಸಿಪಾಯಿಯ 27 ಕಿಲೋಗೆ ಹೋಲಿಸಿ ನೋಡಿ. ಮರದ ಹಲಗೆ, ಎದೆಪಟ್ಟಿ ಎಲ್ಲ ಹೋಗಿ ನೂರು ವರ್ಷವಾದ ಮೇಲೂ ಹೊರೆ ಏರಿದೆ. ಗುಂಡುತಡೆ ಅಂಗಿ, ರೇಡಿಯೊ, ಬ್ಯಾಟರಿಗಳು ಸೇರಿದ ಮೇಲೆ ಮತ್ತೂ ಏರಿತು.

ಕಾರಣ ಸರಳ. ಕಟ್ಟು ಹಿತವಾದಾಗ ಇನ್ನೆರಡು ಕಿಲೋ ಹೊರಬಹುದು ಎಂದು ಹೊರಿಸುವವನಿಗೆ ಅನ್ನಿಸುತ್ತದೆ. ಹೊರಿಸುವವನು ಹೊರುವವನಲ್ಲ. ಒಳ್ಳೆಯ ಪಟ್ಟಿ ಬಾಗುಬಲವನ್ನು ಇಳಿಸಬಲ್ಲದು, ಭಾರದ ದಾರಿಯನ್ನು ಬದಲಿಸಬಲ್ಲದು. ಮೊಣಕಾಲು ಮತ್ತು ಪಾದಗಳಿಗೆ ಬಂದು ಮುಟ್ಟುವ ಒಟ್ಟು ತೂಕದಲ್ಲಿ ಒಂದು ಗ್ರಾಮನ್ನೂ ಅದು ಕಳೆಯಲಾರದು. ಯಾವ ದಾರಿಯಲ್ಲಿ ಬಂದರೂ ಭಾರ ಕೊನೆಗೆ ಅಲ್ಲಿಗೇ ಬರಬೇಕು.

ಚೀಲದ ಗಾತ್ರ ಯಾರ ತೀರ್ಮಾನ

ಈ ಅರಿವು ಸೈನ್ಯದ ಉಗ್ರಾಣದಲ್ಲಿ ಉಳಿಯಬೇಕಾದದ್ದಲ್ಲ. ಮೊದಲು ಶಾಲೆಯ ಮಕ್ಕಳನ್ನು ನೋಡೋಣ. ಕರ್ನಾಟಕ ಸರ್ಕಾರ 2019ರಲ್ಲಿ ಶಾಲಾ ಚೀಲಕ್ಕೆ ಮಿತಿ ಹಾಕಿತು. 1 ಮತ್ತು 2ನೇ ತರಗತಿಗೆ ಒಂದೂವರೆಯಿಂದ 2 ಕಿಲೋ, 3ರಿಂದ 5ಕ್ಕೆ 2ರಿಂದ 3, 6ರಿಂದ 8ಕ್ಕೆ 3ರಿಂದ 4, 9 ಮತ್ತು 10ಕ್ಕೆ 4ರಿಂದ 5 ಕಿಲೋ. ಮಗುವಿನ ಮೈತೂಕದ ಹತ್ತನೇ ಒಂದು ಭಾಗ ಎಂಬುದು ಇದರ ಹಿಂದಿನ ಅಳತೆ. ಬೆಳೆಯುತ್ತಿರುವ ಎಲುಬಿಗೆ ಸಿಪಾಯಿಯ ಮೂರನೇ ಒಂದು ಭಾಗ ಎಂದೂ ಸಲ್ಲದು. ಎರಡೂ ಹೆಗಲಿಗೆ ಪಟ್ಟಿ ಹಾಕಿ, ಭಾರದ ಪುಸ್ತಕವನ್ನು ಬೆನ್ನಿಗೆ ತಾಗುವಂತೆ ಇಟ್ಟು, ಚೀಲ ಕೆಳಗೆ ಜೋತಾಡದಂತೆ ಪಟ್ಟಿ ಗಿಡ್ಡ ಮಾಡಿದರೆ ಬಾಗುಬಲ ಇಳಿಯುತ್ತದೆ. ಚೀಲದ ತೂಕವೇ ಇಳಿಯಬೇಕಾದರೆ ಶಾಲೆಯಲ್ಲಿ ಪುಸ್ತಕ ಇಡಲು ಕಪಾಟು ಬೇಕು, ಕುಡಿಯುವ ನೀರು ಬೇಕು.

ಹಮಾಲರ ಲೆಕ್ಕ ಇನ್ನೂ ಕಠಿಣ. 60 ಕಿಲೋದ ಆಳು 50 ಕಿಲೋ ಹೊತ್ತರೆ ಅದು ಮೈತೂಕದ ಶೇಕಡ 83. ಸೋಮ್ ಕದನದ ಸಿಪಾಯಿಗಿಂತ ಎಷ್ಟೋ ಹೆಚ್ಚು. ದೂರ ಕಡಿಮೆ ನಿಜ, ಸಲಗಳು ಮಾತ್ರ ಲೆಕ್ಕವಿಲ್ಲದಷ್ಟು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರ ಶಿಫಾರಸಿನಲ್ಲಿ ವಯಸ್ಕ ಗಂಡಸು ಹೊರುವ ಗರಿಷ್ಠ ತೂಕಕ್ಕೆ 55 ಕಿಲೋದ ಅಂಚು ಹಾಕಿತು. ಅದು ಮೇಲಿನ ಅಂಚು, ದಿನವಿಡೀ ಹೊರಿಸಬಹುದಾದ ಅಳತೆಯಲ್ಲ. ಚೀಲದ ಗಾತ್ರ ಪ್ರಕೃತಿಯ ನಿಯಮವೂ ಅಲ್ಲ. 2018ರಲ್ಲಿ ಕೇಂದ್ರ ಸರ್ಕಾರ ಯೂರಿಯಾ ಚೀಲವನ್ನು 50ರಿಂದ 45 ಕಿಲೋಗೆ ಇಳಿಸಿತು. ಅದರ ಉದ್ದೇಶ ಗೊಬ್ಬರದ ಉಳಿತಾಯ. ಆದರೂ ಒಂದು ಆದೇಶದಿಂದ ದೇಶದ ಪ್ರತಿ ಯೂರಿಯಾ ಚೀಲದಲ್ಲಿ 5 ಕಿಲೋ ಹೊರುವವನ ಬೆನ್ನಿನಿಂದ ಇಳಿಯಿತು. ಅಂಥದೇ ಆದೇಶ ಹಮಾಲನ ಬೆನ್ನನ್ನೇ ಉದ್ದೇಶವಾಗಿಟ್ಟುಕೊಂಡು ತೊಗರಿ, ಭತ್ತ, ಸಿಮೆಂಟಿನ ಚೀಲಕ್ಕೂ ಬರಬಹುದು.

ಮ್ಯಾಕ್ಲೀನ್, ಪಾರ್ಕ್ಸ್ ಅವರ ಕಾಲದಲ್ಲಿ ನಡೆದ ದೊಡ್ಡ ಬದಲಾವಣೆ ಹೊಸ ಪಟ್ಟಿಯಲ್ಲ. ಹೊರೆಯ ಅಳತೆಗೋಲು ಹೊರುವವನ ನಾಡಿ, ಉಸಿರು, ಎಲುಬು ಎಂದು ಒಪ್ಪಿಕೊಂಡದ್ದು. ಯಾದಗಿರಿಯ ಎಪಿಎಂಸಿಯಲ್ಲಿ ಚೀಲದ ತೂಕ ಗೊತ್ತುಮಾಡುವಾಗ, ಗೋದಾಮಿಗೆ ಕೈಗಾಡಿ ಕೊಳ್ಳುವಾಗ, ಶಹಾಪುರದ ಶಾಲೆಯಲ್ಲಿ ವೇಳಾಪಟ್ಟಿ ಹಾಕುವಾಗ ಅದೇ ಅಳತೆಗೋಲು ಮೇಜಿನ ಮೇಲಿರಬೇಕು. ಹೊರುವವರನ್ನೂ ಆ ಮೇಜಿಗೆ ಕರೆಯಬೇಕು. ಎಷ್ಟು ಹೊತ್ತರೆ ಎಲ್ಲಿ ನೋಯುತ್ತದೆ ಎಂಬುದನ್ನು ಅವರಷ್ಟು ನಿಖರವಾಗಿ ಬಲ್ಲವರು ಬೇರೆ ಯಾರೂ ಇಲ್ಲ.